ಬಿಚ್ಚಿದ ಎಡತೋಳು

ಕೊಟ್ಟೂರಿನಲ್ಲಿ ನನ್ನ ಹೊಲಿಗೆ ಅಂಗಡಿಯ ಬಾಗಿಲ ಮೇಲೆ ಎರಡು ಬೋರ್ಡುಗಳಿದ್ದವು. ಒಂದರಲ್ಲಿ ಅಂಗಡಿಯ ಹೆಸರು. ಅದರ ಕೆಳಗಿನದು ನಾನೇ ಕೆಂಪು ಬಣ್ಣದಲ್ಲಿ ಬರೆದದ್ದು: 'ಹಳೆ ಬಟ್ಟೆ ಮುಟ್ಟುವುದಿಲ್ಲ.'

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹನ್ನೆರಡು ವರ್ಷ ಬೇರೆಯವರ ಅಂಗಡಿಯಲ್ಲಿ ಕಾಜಾ ಮಾಡಿ, ಗುಂಡಿ ಹಚ್ಚಿ, ಊರವರ ಹರಕು ಬಟ್ಟೆಗೆಲ್ಲ ತೇಪೆ ಹಾಕಿ ಸಾಕಾಗಿತ್ತು. ಸ್ವಂತ ಮಶೀನು ಇಟ್ಟ ದಿನವೇ, ಇನ್ನು ನನ್ನ ಕತ್ತರಿ ಹೊಸ ಬಟ್ಟೆಗೆ ಮಾತ್ರ ಎಂದು ತೀರ್ಮಾನಿಸಿದ್ದೆ. ಒಂದು ಸಲ ಒಬ್ಬ ಹೆಂಗಸು ಗಂಡನ ಪ್ಯಾಂಟು ತಂದು, ಮಗನ ಅಳತೆಗೆ ಸಣ್ಣದು ಮಾಡಿಕೊಡು ಎಂದಳು.

"ಬೋರ್ಡು ಓದಾಕ ಬರಂಗಿಲ್ಲೇನವಾ?" ಎಂದೆ.

"ನನಗೆಲ್ಲಿ ಬರ್ತೈತಪಾ. ನಿನಗ ಬರ್ತೈತಲ್ಲ, ಸಾಕು ಬಿಡು," ಎಂದು ಪ್ಯಾಂಟು ಮಡಚಿಕೊಂಡು ಹೋದಳು. ಪಕ್ಕದ ಸೈಕಲ್ ಅಂಗಡಿಯವನು ನಕ್ಕ. ನಾನು ನಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಹಗರಿಬೊಮ್ಮನಹಳ್ಳಿಯ ಒಂದು ಮನೆಯಿಂದ ನನಗೆ ಸಂಬಂಧ ಬಂತು. ತಂದೆ ಸರ್ಕಾರಿ ಆಫೀಸಿನಲ್ಲಿ ಜವಾನ. ಹುಡುಗಿ ಪಿಯುಸಿ ಪಾಸು. ಅದೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಿಯುಸಿ ಓದಿದವಳ ಎದುರಿಗೆ ಏಳನೇ ಕ್ಲಾಸಿನವನು ಬರೀ ಅಂಗಿ ಪ್ಯಾಂಟಿನಲ್ಲಿ ಹೇಗೆ ಕೂಡುವುದು? ಕೋಟು ಬೇಕೆನ್ನಿಸಿತು. ಆದರೆ ಕೋಟು ಹೊಲಿಯಲು ನನಗೆ ಬರುತ್ತಿರಲಿಲ್ಲ. ನಮ್ಮ ಊರಲ್ಲಿ ಕೋಟು ಹೊಲಿಸುವವರೇ ಇರಲಿಲ್ಲ, ಕಲಿಯುವುದು ಯಾರ ಹತ್ತಿರ?

ದಾರ, ಗುಂಡಿ ತರಲು ಹರಪನಹಳ್ಳಿಗೆ ಹೋಗುತ್ತಿದ್ದೆ. ಅಲ್ಲಿ ಸಂತೆಯ ದಿನ ತಾಡಪತ್ರಿ ಹಾಸಿ ಹೊರದೇಶದ ಹಳೆ ಬಟ್ಟೆ ಸುರಿಯುತ್ತಿದ್ದರು. "ಆರಿಸ್ಕೊಳ್ರಿ, ಆರಿಸ್ಕೊಳ್ರಿ" ಎಂದು ಒಬ್ಬ ಕೂಗುತ್ತಿದ್ದ. ಸತ್ತವರ ಬಟ್ಟೆ ಎಂದು ಮೂಗು ಮುಚ್ಚಿಕೊಂಡು ದಾಟುವವರಿದ್ದರು. ದಾಟಿ ಹೋದಂತೆ ಮಾಡಿ ಇನ್ನೊಂದು ಕಡೆಯಿಂದ ಬಂದು ಕೈಹಾಕುವವರೂ ಇದ್ದರು. ನಾನು ಆ ಎರಡನೆಯವರ ಪೈಕಿ. ರಾಶಿಯ ತಳದಿಂದ ಬೂದು ಬಣ್ಣದ ಒಂದು ಕೋಟು ಎಳೆದೆ. ಭುಜ ನನ್ನ ಅಳತೆಗೇ ಕಟ್ಟಿದಂತಿತ್ತು. ಪೇಪರಿನಲ್ಲಿ ಸುತ್ತಿ ಚೀಲದ ಅಡಿಗಿಟ್ಟು, ಮೇಲೆ ದಾರದ ಉಂಡೆಗಳನ್ನು ತುಂಬಿಕೊಂಡು ಬಸ್ಸು ಹತ್ತಿದೆ. ಊರು ಬರುವವರೆಗೂ ಚೀಲ ತೊಡೆಯ ಮೇಲಿಂದ ಇಳಿಸಲಿಲ್ಲ.

ಹೆಣ್ಣು ನೋಡಲು ಹೋದ ದಿನ ಹುಡುಗಿಗಿಂತ ಮೊದಲು ಹುಡುಗಿಯ ತಂದೆ ಕೋಟನ್ನು ನೋಡಿದರು. ಕಾಲರು ಮುಟ್ಟಿದರು.

"ನಮ್ಮ ಸಾಹೇಬ್ರ ಕೋಟಿಗಿಂತ ಚಲೋ ಐತಲ್ರಿ. ನೀವ ಹೊಲಿದಿದ್ದೇನು?"

ಹೌದೋ ಅಲ್ಲವೋ, ಒಂದೇ ಮಾತು ಹೇಳಬೇಕಿತ್ತು. ಬಾಗಿಲ ಮರೆಯಲ್ಲಿ ಹುಡುಗಿಯ ಸೀರೆ ಅಂಚು ಕಾಣುತ್ತಿತ್ತು.

"ಹೌದ್ರಿ," ಎಂದೆ.

ಸೆಕೆ ವಿಪರೀತ. ಹುಡುಗಿಯ ತಾಯಿ, "ಕೊಡಪಾ, ಗೂಟಕ್ಕ ಹಾಕ್ತೀನಿ," ಎಂದು ಕೋಟು ಇಸಿದುಕೊಂಡರು. ಆ ತಾಯಿ ಕೌದಿ ಹೊಲಿಯುವವರು. ಊರವರ ಹಳೆ ಸೀರೆ, ಧೋತ್ರಗಳನ್ನು ಕೂಡಿಸಿ ಹೊದಿಕೆ ಮಾಡಿಕೊಡುವುದು ಅವರ ಕೆಲಸ. ಗೂಟಕ್ಕೆ ಹಾಕುವಾಗ ಅವರ ಹೆಬ್ಬೆರಳು ಮೊಣಕೈಯ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿತು. ನಾನು ನೋಡಿದೆ.

ಸಂಬಂಧ ಕುದುರಿತು. ಹೊರಡುವಾಗ ಹುಡುಗಿಯ ತಂದೆ ಒಳಗೆ ಹೋಗಿ ಕಾಗದದಲ್ಲಿ ಸುತ್ತಿದ ಹೊಸ ಕೋಟಿನ ಬಟ್ಟೆ, ಅಳತೆಗೆ ತಮ್ಮದೊಂದು ಅಂಗಿ ತಂದು ನನ್ನ ಕೈಗಿಟ್ಟರು.

"ಮೂವತ್ತು ವರ್ಷ ಸಾಹೇಬ್ರ ಕೋಟು ಗೂಟಕ್ಕ ಹಾಕೀನಿ. ಮಗಳ ಮದುವ್ಯಾಗ ನಂದೊಂದು ಹಾಕ್ಕೊಬೇಕು ಅಂತ ಈ ಬಟ್ಟಿ ತಗೊಂಡು ಇಟ್ಟೀನಿ. ಇಂಥದೇ ಹೊಲಿಬೇಕು ಮತ್ತ."

ಮದುವೆಗೆ ಒಂದೂವರೆ ತಿಂಗಳಿತ್ತು. ಮೊದಲ ಎರಡು ವಾರ ಆ ಬಟ್ಟೆಯನ್ನು ಬಿಡಿಸಿ ಹಲಗೆಯ ಮೇಲೆ ಹಾಸುತ್ತಿದ್ದೆ, ಗುರುತು ಹಾಕುವ ಸೀಮೆಸುಣ್ಣ ಹಿಡಿಯುತ್ತಿದ್ದೆ, ಮತ್ತೆ ಮಡಚಿಡುತ್ತಿದ್ದೆ. ಕತ್ತರಿ ಒಂದು ಬೆರಳು ಅತ್ತಿತ್ತ ಹೋದರೂ ಅವರ ಮೂವತ್ತು ವರ್ಷದ ಆಸೆ ಹೋಯಿತು, ಜೊತೆಗೆ ನನ್ನ ಮದುವೆ. ಹುಡುಗ ಸುಳ್ಳು ಹೇಳಿದ ಎಂಬ ಮಾತು ಕೊಟ್ಟೂರು ತಲುಪಲು ಒಂದು ಬಸ್ಸು ಸಾಕು. ಆಮೇಲೆ ಆ ಕೆಂಪು ಬೋರ್ಡಿನ ಕೆಳಗೆ ಹೇಗೆ ಕೂಡುವುದು?

ಕೊನೆಗೆ ಒಂದು ದಾರಿ ಹೊಳೆಯಿತು. ನನ್ನ ಬೂದು ಕೋಟಿನ ಎಡಭಾಗವನ್ನು ಮಾತ್ರ ಪೂರ್ತಿ ಬಿಚ್ಚುವುದು, ಬಲಭಾಗ ಹಾಗೇ ಬಿಡುವುದು. ಬಿಚ್ಚಿದ ಒಂದೊಂದು ತುಂಡನ್ನೂ ಪೇಪರಿನ ಮೇಲಿಟ್ಟು ಗೆರೆ ಎಳೆಯುವುದು, ಎಲ್ಲಿ ಸಿಕ್ಕಿಕೊಂಡರೂ ಬಲಭಾಗ ನೋಡಿಕೊಳ್ಳುವುದು. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸಿದೆ. ಎದೆಯ ಒಳಗೆ ದಪ್ಪ ಬಟ್ಟೆಯೊಂದನ್ನು ಕೈಸೂಜಿಯಲ್ಲಿ, ಮೇಲೆ ಕಾಣದ ಹಾಗೆ, ಸಾಲುಸಾಲಾಗಿ ಹಿಡಿದಿದ್ದರು. ಎಡತೋಳಿನ ಒಳಗಿನ ಅಸ್ತರು ತೆಗೆದಾಗ ನನ್ನ ಕೈ ನಿಂತಿತು. ಮೊಣಕೈಯಲ್ಲಿ ಬಟ್ಟೆ ಎಂದೋ ಸವೆದಿತ್ತು. ಯಾವನೋ ನನ್ನಂಥವನೇ ಒಬ್ಬ ದರ್ಜಿ ಒಳಗಿನಿಂದ ಅಂಗೈಯಗಲ ತೇಪೆ ಕೊಟ್ಟು, ಅದೇ ಬಣ್ಣದ ಎಳೆಯಲ್ಲಿ ನೇಯ್ದಂತೆ ಮುಚ್ಚಿದ್ದ. ಅಷ್ಟು ಚೆಂದದ ಕೆಲಸ ನಾನು ಹೊಸ ಬಟ್ಟೆಯಲ್ಲೂ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ನೆರಳು ಬಿತ್ತು. ತಲೆ ಎತ್ತಿದರೆ ಹುಡುಗಿಯ ತಂದೆತಾಯಿ.

"ಟ್ರಯಲ್ ನೋಡೋಣು ಅಂತ ಬಂದ್ವಿ," ಎಂದರು ತಂದೆ. ಅವರ ಕಣ್ಣು ಹಲಗೆಯ ಮೇಲೆ ಬಿತ್ತು. ಒಂದು ಕೈಯಿರುವ ಕೋಟು, ಪಕ್ಕದಲ್ಲಿ ಅದರ ಇನ್ನೊಂದು ತೋಳು, ಅಸ್ತರು, ಎಳೆಗಳ ಗುಡ್ಡೆ. "ಇದನ್ಯಾಕ ಬಿಚ್ಚೀರಿ?"

"ಫಿಟಿಂಗ್... ಸ್ವಲ್ಪ ಸರಿ ಮಾಡಾಕ."

ತಾಯಿ ಬಿಚ್ಚಿದ ತೋಳು ಎತ್ತಿ ಒಳಬದಿ ಮಾಡಿ ನೋಡಿದರು. ತೇಪೆಯ ಮೇಲೆ ಹೆಬ್ಬೆರಳು ಆಡಿಸಿದರು.

"ರೀ, ಬಿಸಲಾಗ ಬಂದೀವಿ. ಮೂರು ಚಾ ಹೇಳಿ ಬರ್ರಿ," ಎಂದು ಗಂಡನನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹಳೇ ಬಟ್ಟ್ಯಾಗ ಜೀವ ತೇಯ್ದಾಕಿ ನಾನು. ಅವತ್ತ ಗೊತ್ತಾಗೈತಿ ನನಗ. ಮಗಳಿಗೂ ಹೇಳೀನಿ."

"ಏನಂದ್ರು?"

"'ಇರ್ಲಿ ಬಿಡವಾ, ಏನು ಮಾಡ್ತಾರ ನೋಡೋಣು' ಅಂದ್ಲು."

ಕೂಡಲು ಜಾಗ ಸಿಕ್ಕಿದ್ದರೆ ಕೂತುಬಿಡುತ್ತಿದ್ದೆ. ಸ್ಟೂಲಿನ ಮೇಲೆ ಅವರ ಚೀಲವಿತ್ತು.

"ಬಿಚ್ಚಿದ್ದು ತಿರುಗಿ ಕೂಡಸಾಕ ಬರ್ತೈತೇನು?"

"ಬರ್ತೈತ್ರಿ."

"ಹಂಗಾದ್ರ ಅವ್ರಿಗೆ ನೀನ ಹೇಳು. ನಾ ಹೇಳಂಗಿಲ್ಲ."

ಹುಡುಗಿಯ ತಂದೆ ಚಹಾ ಹಿಡಿದು ಬಂದರು. ಲೋಟ ನನ್ನ ಕೈಗೆ ಬರುವ ಮೊದಲೇ ಹೇಳಿದೆ. ಹರಪನಹಳ್ಳಿ ಸಂತೆ, ತಾಡಪತ್ರಿ, ಸುಳ್ಳು, ಎಲ್ಲ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ತಲೆ ಎತ್ತಿ ಬೋರ್ಡು ಓದಿದರು, ನಿಧಾನಕ್ಕೆ, ಎರಡು ಸಲ.

"ನನ್ನ ಬಟ್ಟಿ ಎಲ್ಲೈತಿ?"

ಮಡಚಿಟ್ಟಿದ್ದ ಬಟ್ಟೆಯನ್ನು ತೆಗೆದು ಕೊಟ್ಟೆ. ಕತ್ತರಿ ತಾಗಿಲ್ಲವೆಂದು ಅಂಚು ಹಿಡಿದು ಖಾತ್ರಿ ಮಾಡಿಕೊಂಡು ಬಗಲಿಗೆ ಇಟ್ಟುಕೊಂಡರು. ನನ್ನ ಮದುವೆ ಆ ಬಗಲಲ್ಲಿ ಹೊರಟಿತು ಅಂದುಕೊಂಡೆ.

"ಮೊದಲ ನಿನ್ನ ಕೋಟು ಕೂಡಿಸು," ಎಂದರು. ಬಹುವಚನ ಹೋಗಿತ್ತು. "ಹಾಕ್ಕೊಂಡು ನಮ್ಮ ಮನಿಗೆ ಬಾ. ಆಮ್ಯಾಲ ಮಾತಾಡೋಣು."

ಐದು ದಿನ ಬೇರೆ ಯಾರ ಬಟ್ಟೆಯನ್ನೂ ಹಿಡಿಯಲಿಲ್ಲ. ತೋಳನ್ನು ಮೂರು ಸಲ ಕೂಡಿಸಿದೆ, ಮೂರು ಸಲ ಬಿಚ್ಚಿದೆ. ಭುಜಕ್ಕೆ ತೋಳು ಕೂಡುವಲ್ಲಿ ಬಟ್ಟೆಯನ್ನು ನೆರಿಗೆ ಬೀಳದಂತೆ ಒಳಗೆ ನುಂಗಿಸಬೇಕು. ಅದು ಬೆರಳಿಗೆ ಗೊತ್ತಾಗಬೇಕು, ಹೇಳಿ ಬರುವುದಲ್ಲ. ಆ ದರ್ಜಿಯ ತೇಪೆಯನ್ನು ಮಾತ್ರ ಇದ್ದ ಹಾಗೇ ಬಿಟ್ಟೆ.

ಹಗರಿಬೊಮ್ಮನಹಳ್ಳಿಯ ಮನೆಯ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿ ಹುಡುಗಿಯ ತಂದೆ ಸುತ್ತ ತಿರುಗಿದರು. ಕನ್ನಡಕ ಹಾಕಿಕೊಂಡು ಎಡ ನೋಡಿದರು, ಬಲ ನೋಡಿದರು.

"ಯಾವ ಕಡಿ ಬಿಚ್ಚಿದ್ದಿ ಅನ್ನೋದು ನನಗಂತೂ ತಿಳಿವಲ್ದು," ಎಂದು ಹೆಂಡತಿಯನ್ನು ಕರೆದರು.

ಆಕೆ ಬಂದು ನೇರವಾಗಿ ಎಡಭುಜದ ಹಿಂದೆ ಬೆರಳಿಟ್ಟರು. "ಇಲ್ಲೊಂದು ಸುಕ್ಕು ಐತಿ."

"ಐತ್ರಿ," ಎಂದೆ. "ಎಷ್ಟು ಮಾಡಿದ್ರೂ ಹೋಗಲಿಲ್ಲ."

ಒಳಗೆ ಯಾರೋ ಕಿಸಕ್ಕೆಂದರು. ಪಿಯುಸಿ ಪಾಸಾದವಳ ನಗೆಯನ್ನು ನಾನು ಮೊದಲು ಕೇಳಿದ್ದು ಹಾಗೆ.

ಹುಡುಗಿಯ ತಂದೆ ಒಳಗಿನಿಂದ ತಮ್ಮ ಕೋಟಿನ ಬಟ್ಟೆ ತಂದು ಮಂಚದ ಮೇಲಿಟ್ಟು, ಅಂಗಿಯ ಗುಂಡಿ ಸರಿಮಾಡಿಕೊಂಡು ನನ್ನ ಮುಂದೆ ನೆಟ್ಟಗೆ ನಿಂತರು, ಸಾಹೇಬರ ಬಾಗಿಲಲ್ಲಿ ನಿಲ್ಲುವ ಹಾಗೆ. ನಾನು ಕೋಟಿನ ಜೇಬಿನಿಂದ ಟೇಪು ತೆಗೆದೆ.

"ಎಡಗೈ ಎರಡು ಸಲ ಅಳಿಯಪಾ," ಎಂದರು.