ನವಾಬನಿಗೆ ಹೇಳಿದ ಮಾತುಗಳು

ನನ್ನ ನಾಯಿಗೆ ಅಜೀರ್ಣವಾಗಿದೆ ಎಂದು ಕಮಲಾಪುರದ ಮಂದಿಗೆಲ್ಲ ಸುಳ್ಳು ಹೇಳಿದವನು ನಾನೇ. ಮೂವತ್ತೆರಡು ವರ್ಷ ಹೈಸ್ಕೂಲಿನ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಹೇಳಿದ ಮನುಷ್ಯ, ನಿವೃತ್ತನಾದ ಮೇಲೆ ಒಂದು ನಾಯಿಯ ಹೊಟ್ಟೆಯ ಬಗ್ಗೆ ಸುಳ್ಳು ಹೇಳುವ ಮಟ್ಟಕ್ಕೆ ಇಳಿದ ಕಥೆಯನ್ನು ನಿಮ್ಮ ಮುಂದೆ ಒಪ್ಪಿಸಿಬಿಡುತ್ತೇನೆ. ನಾಯಿಯ ಹೊಟ್ಟೆ ಭೇಷಾಗಿದೆ. ಅದು ಒಮ್ಮೆ ನನ್ನ ಎಡಗಾಲಿನ ಚಪ್ಪಲಿಯ ಅರ್ಧ ಭಾಗ ತಿಂದು, ಮೇಲೆ ಎರಡು ರೊಟ್ಟಿ ಬೇಡಿದ ಪ್ರಾಣಿ.

ನಮ್ಮ ಸ್ವಂತ ಮನೆ ಕಲಬುರಗಿಯ ಗಾಜಿಪುರದಲ್ಲಿ. ಆದರೆ ನನ್ನ ಹೆಂಡತಿ ಸುಮಂಗಲಾ ಇನ್ನೂ ನೌಕರಿಯಲ್ಲಿದ್ದಾಳೆ. ಅವಳಿಗೆ ಕಮಲಾಪುರಕ್ಕೆ ಮುಖ್ಯೋಪಾಧ್ಯಾಯಿನಿಯಾಗಿ ವರ್ಗವಾಯಿತು. ದಿನಾ ಬಸ್ಸಿನಲ್ಲಿ ನಿಂತು ಹೋಗಿಬರುವುದು ಅವಳ ಸೊಂಟಕ್ಕೆ ಆಗದ್ದರಿಂದ ಅಲ್ಲೇ ಊರ ಅಂಚಿಗೆ ಒಂದು ಬಾಡಿಗೆ ಮನೆ ಹಿಡಿದೆವು. ಹಿಂದೆಲ್ಲ ನನಗೆ ವರ್ಗವಾದ ಊರುಗಳಿಗೆ ಅವಳು ಗಂಟುಮೂಟೆ ಕಟ್ಟಿಕೊಂಡು ಬಂದಿದ್ದಳು. ಈಗ ಗಂಟು ಕಟ್ಟುವ ಪಾಳಿ ನನ್ನದಾಯಿತು. ಗಂಟಿನ ಜೊತೆಗೆ ನವಾಬನೂ ಬಂದ.

ನವಾಬ ಅಂದರೆ ನಮ್ಮ ಲ್ಯಾಬ್ರಡಾರ್ ನಾಯಿ. ಹೆಸರು ನನ್ನ ಮಗಳು ಇಟ್ಟದ್ದು. ಮೈ ತುಂಬಿದೆ, ನಡಿಗೆ ನಿಧಾನ, ಮುಖದ ಮೇಲೆ ಸದಾ ಯಾರೋ ತನಗೆ ಏನೋ ಕೊಡಬೇಕಾಗಿದೆ ಎಂಬ ಗಾಂಭೀರ್ಯ. ಗಾಜಿಪುರದಲ್ಲಿ ಇವನ ರಾಜ್ಯ ನಮ್ಮ ಗಲ್ಲಿಯ ಮೂರು ಕರೆಂಟ್ ಕಂಬಗಳಷ್ಟೇ. ಕಮಲಾಪುರದಲ್ಲಿ ಮನೆಯ ಹಿಂದಿನಿಂದಲೇ ತೊಗರಿ ಹೊಲಗಳು ಶುರುವಾಗುತ್ತವೆ, ಕಣ್ಣು ಹೋದಷ್ಟು ದೂರ. ಮೊದಲ ದಿನ ನವಾಬ ಹೊಲದ ಬದುವಿನ ಮೇಲೆ ನಿಂತು, ಒಂದು ಕಾಲು ಅರ್ಧ ಎತ್ತಿ, ಎದುರಿಗೆ ಕಂಬವೇ ಇಲ್ಲದ್ದನ್ನು ಕಂಡು ನನ್ನ ಕಡೆ ನೋಡಿದ. ಅವನ ಕಷ್ಟ ನನಗೆ ಅರ್ಥವಾಯಿತು. ನಿವೃತ್ತಿಯ ಮರುದಿನ ನಾನೂ ಹಾಗೇ ನಿಂತಿದ್ದೆ.

ಈಗ ಸುಳ್ಳಿನ ವಿಷಯ. ಹಳ್ಳಿಯ ಕಡೆ ಒಂದು ಪ್ರಾಣಿಯ ಕೊರಳಿಗೆ ಹಗ್ಗ ಹಾಕಿ ಮನುಷ್ಯ ನಡೆಸಿಕೊಂಡು ಹೊರಟನೆಂದರೆ ಅದಕ್ಕೆ ಎರಡೇ ಅರ್ಥ. ಒಂದೋ ಸಂತೆಗೆ, ಇಲ್ಲವೇ ದನದ ದವಾಖಾನೆಗೆ. ನಾಯಿಯನ್ನು ಯಾರೂ ಸಂತೆಗೆ ಹೊಡೆದುಕೊಂಡು ಹೋಗುವುದಿಲ್ಲ. ಹಾಗಾಗಿ ಮೊದಲ ದಿನವೇ ಎದುರಾದ ನಾಲ್ಕೂ ಜನ ನಿಂತು ಒಂದೇ ಮಾತು ಕೇಳಿದರು: "ಏನಾಗ್ಯಾದ್ರೀ ಸರ ಅದಕ?"

"ಏನೂ ಆಗಿಲ್ಲವ್ವಾ, ಅಡ್ಡಾಡಸಾಕ ಕರಕೊಂಡು ಹೊಂಟೀನಿ" ಎಂದೆ ಭೀಮಾಬಾಯಿಗೆ. ಆಕೆ ಕಳೆ ತೆಗೆಯಲು ಹೊಲಕ್ಕೆ ಹೋಗುವ ಮುದುಕಿ, ಕೈಯಲ್ಲಿ ಕುರ್ಚಿಗಿ ಇತ್ತು.

"ಅಡ್ಡಾಡಸಾಕ? ಅದಕ್ಕ ನಾಕು ಕಾಲು ಅವ ಅಲ್ರೀ!"

ಆಕೆಯ ಮನೆಯ ನಾಯಿ ಯಾರ ಸಹಾಯವೂ ಇಲ್ಲದೆ ಊರೆಲ್ಲ ಸುತ್ತಿ ಬಂದು ಹಿಂದೆ ನಿಂತಿತ್ತು, ಹಗ್ಗದಲ್ಲಿದ್ದ ನವಾಬನನ್ನು ಮರುಕದಿಂದ ನೋಡುತ್ತಿತ್ತು. ನೀವೇ ಯೋಚಿಸಿ, ಕೆಲಸವಿಲ್ಲದೆ ನಡೆಯುವುದಕ್ಕೆ ನಮ್ಮ ಮಾತಿನಲ್ಲಿ ಒಂದಾದರೂ ಮರ್ಯಾದೆಯ ಹೆಸರಿದೆಯೇ? ತಿರುಗಾಡುತ್ತಾನೆ ಎಂದರೆ ಮನೆಯಲ್ಲಿ ಕಾಲು ನಿಲ್ಲದವನು. ಅಲೆಯುತ್ತಾನೆ ಎಂದರೆ ದಿಕ್ಕಿಲ್ಲದವನು. ಅಡ್ಡಾಡುತ್ತಾನೆ ಎಂದರೆ ಹೆಂಡತಿಯ ಪಗಾರದ ಮೇಲೆ ಬದುಕುವವನು, ಅಂದರೆ ಬಹುಮಟ್ಟಿಗೆ ನಾನು. ಮೂರನೆಯ ದಿನ ಭೀಮಾಬಾಯಿ ದಾರಿಗೆ ಅಡ್ಡ ನಿಂತು, "ಖರೇ ಹೇಳ್ರಿ ಮಾಸ್ತರ, ಮುಚ್ಚಿಡಬ್ಯಾಡ್ರಿ" ಎಂದಳು. ಸಾಕಾಗಿ, "ಅಜೀರ್ಣ" ಎಂದುಬಿಟ್ಟೆ. ಆಕೆಯ ಮುಖ ಅರಳಿತು. ಮರುದಿನ ಸೆರಗಿನಲ್ಲಿ ಓಮಿನ ಕಾಳು, ಆಕೆಯ ಮಾತಿನಲ್ಲಿ ಅಜವಾನ, ಕಟ್ಟಿಕೊಂಡು ಬಂದಳು. ವಾರದೊಳಗೆ ಊರಿಗೆಲ್ಲ ನಾಯಿಯ ಹೆಸರೂ ಗೊತ್ತಾಯಿತು, ರೋಗವೂ ಗೊತ್ತಾಯಿತು. ನನ್ನ ಹೆಸರು ಮಾತ್ರ ಯಾರೂ ಕೇಳಲಿಲ್ಲ.

ಊರಲ್ಲಿ ನನ್ನ ಹೆಸರು ಚೆನ್ನಾಗಿ ಗೊತ್ತಿದ್ದವನು ಒಬ್ಬನಿದ್ದ. ಅವನ ಹೊಲದ ದಾರಿಯನ್ನು ನಾನು ಬೇಕೆಂದೇ ಬಿಟ್ಟು ನಡೆಯುತ್ತಿದ್ದೆ. ಅವನು ಗುಂಡಣ್ಣ, ನನ್ನ ದೊಡ್ಡಪ್ಪನ ಮಗ. ನನಗಿಂತ ಏಳು ವರ್ಷ ದೊಡ್ಡವನು. ನಾನು ಕಮಲಾಪುರದಲ್ಲಿ ಅವರ ಮನೆಯಲ್ಲಿದ್ದೇ ಸಾಲೆ ಕಲಿತೆ. ನಲವತ್ತು ವರ್ಷದ ಹಿಂದಿನ ಆ ಹುಡುಗನ ಗುರುತು ಊರಿನ ಉಳಿದವರಿಗೆ ಇರಲಿಲ್ಲ. ಕಲಬುರಗಿಯಲ್ಲಿ ನನ್ನ ಮೆಟ್ರಿಕ್ ಪರೀಕ್ಷೆ ನಡೆದಷ್ಟೂ ದಿನ ಬುತ್ತಿ ಹಿಡಿದುಕೊಂಡು ಹೊರಗಿನ ಬೇವಿನ ಗಿಡದ ಕೆಳಗೆ ಕೂತವನು ಅವನು. ಆ ಗುಂಡಣ್ಣ ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ಕಾರಣ ನನ್ನ ಮಗಳ ಲಗ್ನಪತ್ರಿಕೆ. ನಮ್ಮ ಕಡೆಯ ಲಗ್ನಪತ್ರಿಕೆ ನೀವು ನೋಡಿರುತ್ತೀರಿ. ವಧೂವರರ ಹೆಸರು ನಾಲ್ಕು ಸಾಲು, ಸುಖಾಗಮನ ಬಯಸುವವರ ಹೆಸರು ನಲವತ್ತು ಸಾಲು. ಕರಡನ್ನು ಸ್ಟೇಶನ್ ಬಜಾರದ ಪ್ರೆಸ್ಸಿನಲ್ಲಿ ನಾನೇ ಕೂತು ತಿದ್ದಿದ್ದೆ. ಮಾಸ್ತರನ ಕಣ್ಣು ನೋಡಿ, ಕೆಂಪು ಶಾಯಿಯಲ್ಲಿ ಒಂದೊಂದು ಒತ್ತಕ್ಷರ ಬಿಡದೆ ಸರಿಮಾಡಿದೆ. ಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ಮೂರು ತಲೆಮಾರಿನ ಬೀಗರಿದ್ದರು, ಒಂದು ವರ್ಷದ ಮೊಮ್ಮಕ್ಕಳಿದ್ದರು. ಗುಂಡಣ್ಣ ಇರಲಿಲ್ಲ. ಅವನು ಲಗ್ನಕ್ಕೆ ಬಂದ, ಮಗಳ ತಲೆಯ ಮೇಲೆ ಅಕ್ಷತೆ ಹಾಕಿದ, ಊಟ ಮಾಡದೆ ಹೋದ. ನಾನು ಎಲ್ಲರಿಗೂ ಪ್ರೆಸ್ಸಿನವರು ಬಿಟ್ಟುಬಿಟ್ಟರು ಎಂದು ಹೇಳಿಕೊಂಡು ಬಂದೆ. ಅಜೀರ್ಣದ ಸುಳ್ಳು ನನ್ನ ಮೊದಲ ಸುಳ್ಳಲ್ಲ ಎಂಬುದು ನಿಮಗೀಗ ತಿಳಿಯಿತು.

ಮಾತು ಬಿಡುವುದರಲ್ಲೂ ನಮ್ಮಲ್ಲಿ ದರ್ಜೆಗಳಿವೆ. ಮಾತು ಬಿಟ್ಟರೂ ಹಬ್ಬಕ್ಕೆ ಹೋಳಿಗೆ ಕಳಿಸುವವರು ಒಂದು ದರ್ಜೆ. ಹೋಳಿಗೆಯನ್ನೂ ಬಿಟ್ಟು ಸಾವಿಗೆ ಮಾತ್ರ ಬರುವವರು ಇನ್ನೊಂದು. ಎದುರಿಗೆ ಸಿಕ್ಕಾಗ ಗೋಡೆಗೋ ಎತ್ತಿಗೋ ಹೇಳಿದಂತೆ ಮಾಡಿ ನಮಗೆ ಕೇಳಿಸುವವರು ಮೂರನೆಯವರು. ಇವರಲ್ಲಿ ಮೂರನೆಯವರೇ ವಾಸಿ, ಯಾಕೆಂದರೆ ಅವರಿಗೆ ಮಾತಾಡುವ ಆಸೆ ಇನ್ನೂ ಸತ್ತಿರುವುದಿಲ್ಲ. ಗುಂಡಣ್ಣ ಯಾವ ದರ್ಜೆಯವನು ಎಂದು ತಿಳಿದುಕೊಳ್ಳುವ ಧೈರ್ಯವೇ ನನಗೆ ಬಂದಿರಲಿಲ್ಲ. ಅದನ್ನು ತಿಳಿಸಿಕೊಟ್ಟದ್ದು ಒಂದು ಆಡು.

ಒಂದು ಬೆಳಿಗ್ಗೆ ಹೊಲದ ತಿರುವಿನಲ್ಲಿ ಆಡೊಂದು ಒಂಟಿಯಾಗಿ ನಿಂತಿತ್ತು. ನವಾಬ ತನ್ನ ಜೀವಮಾನದಲ್ಲಿ ಮೊದಲ ಸಲ ಬೇಟೆನಾಯಿಯ ಹಾಗೆ ಒಂದು ಹೆಜ್ಜೆ ಮುಂದಿಟ್ಟ. ಆಡೂ ಒಂದು ಹೆಜ್ಜೆ ಮುಂದಿಟ್ಟಿತು. ನವಾಬನಿಗೆ ಅಷ್ಟೇ ಸಾಕಾಯಿತು. ತಿರುಗಿ ಓಡಿದ, ಹಗ್ಗದ ಇನ್ನೊಂದು ತುದಿಯಲ್ಲಿ ನಾನೂ ಓಡಿದೆ. ತೊಗರಿಯ ಸಾಲು ದಾಟಿ, ಬದು ಹಾರಿ, ಒಂದು ಚಪ್ಪಲಿ ಕಳಕೊಂಡು, ಏದುಸಿರು ಬಿಡುತ್ತ ನಿಂತಾಗ ಎದುರಿಗೆ ಕೆಂಪು ಬಾಳೆಯ ತೋಟ. ಅದರ ಬಾಗಿಲಲ್ಲಿ ಹೊರಸು ಮಂಚದ ಮೇಲೆ ಗುಂಡಣ್ಣ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ರೊಟ್ಟಿಯ ವಾಸನೆಗೆ ನವಾಬ ಅಲ್ಲೇ ಕೂತುಬಿಟ್ಟ. ಎಷ್ಟು ಎಳೆದರೂ ಏಳಲಿಲ್ಲ.

ಗುಂಡಣ್ಣ ನನ್ನ ಕಡೆ ನೋಡಲಿಲ್ಲ. ರೊಟ್ಟಿ ಮುರಿದು ನಾಯಿಗೆ ಹಾಕಿ ಅದಕ್ಕೇ ಹೇಳಿದ: "ಬಾರಪಾ ನವಾಬ. ಹೊಟ್ಟಿ ಸರಿ ಇಲ್ಲಂತ ಕೇಳಿದ್ದೆ. ಇಷ್ಟು ದೊಡ್ಡ ತುತ್ತು ನುಂಗೋ ನಾಯಿಗಿ ಅಜೀರ್ಣ ಅಂತ! ಇಂಥಾ ಸುಳ್ಳು ಹೇಳೋರು ಮಾಸ್ತರಕಿ ಹ್ಯಾಂಗ ಮಾಡಿದ್ರೋ ಏನೋ."

ನನಗೂ ಸಿಟ್ಟು ಬಂತು. "ನಡಿ ನವಾಬ, ಮಂದಿ ಹೊಲದಾಗ ಎಷ್ಟೊತ್ತು ನಿಂದರೋದು" ಎಂದೆ.

"ಮಂದಿ ಹೊಲ ಅಂತ! ಇದೇ ಹೊಲದಾಗ ಪೇರಲಕಾಯಿ ಕದ್ದು ತಿಂದು ಹೊಟ್ಟಿಬ್ಯಾನಿ ಮಾಡ್ಕೊಂಡವ್ರು ಯಾರು, ಕೇಳು ನವಾಬ."

ನವಾಬ ಕೇಳಲಿಲ್ಲ, ಎರಡನೆಯ ತುಂಡಿಗೆ ಬಾಯಿ ತೆರೆದ. ನಾನು ಮಾತ್ರ ಮನೆಗೆ ಬರುವಾಗ ಒಂದೇ ಚಪ್ಪಲಿಯಲ್ಲಿ ಕುಂಟುತ್ತಲೇ ನಕ್ಕೆ. ಗುಂಡಣ್ಣ ಮೂರನೆಯ ದರ್ಜೆಯವನು!

ಮರುದಿನದಿಂದ ನವಾಬನಿಗೆ ಬೇರೆ ದಾರಿಯೇ ಬೇಡವಾಯಿತು. ದಿನಾ ಬೆಳಿಗ್ಗೆ ಅಲ್ಲಿಗೇ ಎಳೆದುಕೊಂಡು ಹೋಗಿ ಬಾಗಿಲಲ್ಲಿ ಕೂಡುತ್ತಿದ್ದ. ನಾನು ಎರಡು ಸಲ ಎಳೆದಂತೆ ಮಾಡುತ್ತಿದ್ದೆ, ಜೋರಾಗಿ ಅಲ್ಲ. ಗುಂಡಣ್ಣ ನಾಯಿಗೆ ಹೇಳುತ್ತಿದ್ದ, ನಾನು ನಾಯಿಗೆ ಹೇಳುತ್ತಿದ್ದೆ. ಅವನ ಹೆಂಡತಿ, ನಮ್ಮ ವೈನಿಯ ಮೊಣಕಾಲು ನೋವು ನನಗೆ ತಿಳಿದದ್ದು ಹೀಗೆ, ನನ್ನ ಸಕ್ಕರೆ ಕಾಯಿಲೆ ಅವನಿಗೆ ತಿಳಿದದ್ದು ಹೀಗೆ. ನಾಯಿಯ ಹೆಸರಿನಲ್ಲಿ ನನ್ನ ಕಡೆಗೂ ಸರಿಯುತ್ತಿದ್ದ ಬುತ್ತಿಯಿಂದ ಮರುದಿನವೇ ಬೆಲ್ಲ ಮಾಯವಾಗಿತ್ತು. ಒಂದು ದಿನ, "ನವಾಬ, ನಿನ್ನ ಮಾಲಕನ ಮಗಳು ಅತ್ತಿ ಮನ್ಯಾಗೇ ಹಡದಾಳಂತಲ್ಲ, ಏನಾಯ್ತಂತ?" ಎಂದು ಕೇಳಿದ. "ಹೆಣ್ಣುಮಗು ಅಂತ ಹೇಳು, ತಾಯಿ ಮಗು ಇಬ್ರೂ ಆರಾಮ ಹಾರ" ಎಂದೆ. ಗುಂಡಣ್ಣ ಟಾವೆಲ್ಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡ. ಆ ದಿನ ನವಾಬನಿಗೆ ಬುತ್ತಿ ಪೂರ್ತಿ ಸಿಕ್ಕಿತು.

ಇಷ್ಟೆಲ್ಲ ಹೇಳಿದೆವು, ಹೇಳಬೇಕಾದ್ದನ್ನು ಬಿಟ್ಟು. ಒಂದೆರಡು ಸಲ ನಾಯಿಯ ಮುಂದೆ ಅದನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ನವಾಬ ನನ್ನನ್ನು ನೋಡಿದ. ತಪ್ಪೊಪ್ಪಿಗೆಯನ್ನೂ ನಾಯಿಯ ಕೈಲಿ ಕಳಿಸುವುದು ಹೇಡಿತನ ಎನ್ನಿಸುವಷ್ಟು ನಾಚಿಕೆ ನನ್ನಲ್ಲಿ ಉಳಿದಿತ್ತು. ಎದುರಿಗೆ ಹೇಳುವಷ್ಟು ಧೈರ್ಯ ಇರಲಿಲ್ಲ. ಹೀಗೇ ತೊಗರಿ ಹೂ ಬಿಟ್ಟು ಕಾಯಿಯಾಯಿತು.

ಆಮೇಲೆ ಒಂದು ಸಂಜೆ ನವಾಬನ ಮುಂಗಾಲಿಗೆ ಜಾಲಿಮುಳ್ಳು ಹೊಕ್ಕಿತು. ಮುಳ್ಳು ಒಳಗೇ ಮುರಿದಿತ್ತು, ಮುಟ್ಟಲು ಹೋದರೆ ಗುರ್ರೆನ್ನುತ್ತಿದ್ದ. ಮರುದಿನ ಬೆಳಿಗ್ಗೆ ಹೊಸ್ತಿಲ ಮೇಲೆ ಮಲಗಿದವನು ಏಳಲಿಲ್ಲ. ಆದರೆ ನನ್ನ ಕಾಲು ಕೇಳಬೇಕಲ್ಲ! ಏಳು ಗಂಟೆಗೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಎದುರಿಗೆ ಭೀಮಾಬಾಯಿ ಬಂದಳು. ನನ್ನ ಕೈ ನೋಡಿದಳು, ಕುರ್ಚಿಗಿ ಕೆಳಗಿಟ್ಟಳು.

"ಅಯ್ಯ ನನ್ನವ್ವಾ, ಹೋಯ್ತೇನ್ರೀ? ಅಜವಾನ ಕೊಟ್ಟಿದ್ರೋ ಇಲ್ಲೋ?"

ಆಗ ನೋಡಿಕೊಂಡೆ. ರೂಢಿಯಿಂದ ಹಗ್ಗ ಹಿಡಿದುಕೊಂಡು ಬಂದಿದ್ದೆ. ಬರೀ ಹಗ್ಗ, ಕೊರಳಪಟ್ಟಿ ಕೆಳಗೆ ಜೋತುಬಿದ್ದಿತ್ತು. ಆಕೆಗೆ ಸಮಾಧಾನ ಹೇಳಿ ತೋಟದ ಬಾಗಿಲಿಗೆ ಬರುವಷ್ಟರಲ್ಲಿ ಗುಂಡಣ್ಣ ದೂರದಿಂದಲೇ ಕಂಡಿದ್ದ. ಬುತ್ತಿ ಹಾಗೇ ಬಿಟ್ಟು ಎದ್ದು ನಿಂತಿದ್ದ.

"ಏ ತಮ್ಮಾ, ನವಾಬ ಎಲ್ಲೋ?"

ಆರು ವರ್ಷದ ಮೇಲೆ ಕೇಳಿದ 'ತಮ್ಮಾ'. ನಾನು ಹಗ್ಗದ ಖಾಲಿ ತುದಿ ನೋಡಿದೆ. ಅಷ್ಟರಲ್ಲಿ ಅವನು ಹೊರಸಿನ ಮೇಲೆ ಕುಸಿದು ಕೂತ.

"ಜೀವಕ್ಕೇನಾಗಿಲ್ಲಣ್ಣಾ, ಕಾಲಾಗ ಮುಳ್ಳು ಮುರದದ" ಎಂದೆ.

ಉಸಿರು ಬಿಟ್ಟ. ಮರುಕ್ಷಣವೇ ತಾನು ಮಾತಾಡಿಬಿಟ್ಟದ್ದು ನೆನಪಾಗಿ ಮುಖ ತಿರುಗಿಸಿದ. ಇಬ್ಬರ ನಡುವೆ ನವಾಬ ಇರಲಿಲ್ಲ, ಯಾರಿಗೆ ಹೇಳಿ ಯಾರಿಗೆ ಕೇಳಿಸಬೇಕು? ಕೈಯಲ್ಲಿದ್ದ ಹಗ್ಗ ಸುತ್ತುತ್ತ ಬಿಚ್ಚುತ್ತ ನಾನೇ ಹೇಳಿದೆ. "ಅಣ್ಣಾ, ಪ್ರೆಸ್ಸಿನವ್ರದು ತಪ್ಪಿಲ್ಲ. ಹೆಸರಿನ ಯಾದಿ ಬರದಾವ ನಾನೇ, ತಿದ್ದಿದಾವನೂ ನಾನೇ. ಉಳದವ್ರ ಹೆಸರೆಲ್ಲ ನೆನಪು ಮಾಡಿ ಮಾಡಿ ಬರದೆ. ಮನ್ಯಾಗಿನ ಮಂದಿ ಎಣಸಾವ ತನ್ನನ್ನ ಎಣಸೋದು ಮರೀತಾನಲ್ಲ, ಹಂಗ ಆಯ್ತು. ಸುಳ್ಳು ಹೇಳಿದ್ದು ಮಾತ್ರ ಮರತು ಹೇಳಿದ್ದಲ್ಲ. ನಾಚಿಗಿ ಬಂದು ಹೇಳಿದ್ದು."

ಗುಂಡಣ್ಣ ಉಡಿದಾರಕ್ಕೆ ಕಟ್ಟಿದ್ದ ಮುಳ್ಳು ತೆಗೆಯುವ ಚಿಮಟಿಗೆ ಇದೆಯೇ ಎಂದು ಮುಟ್ಟಿ ನೋಡಿಕೊಂಡ. ಟಾವೆಲ್ ಹೆಗಲಿಗೆ ಹಾಕಿ, "ನಡಿ" ಎಂದ. ದಾರಿಯುದ್ದಕ್ಕೂ ಅವನು ಮುಂದೆ, ನಾನು ಹಗ್ಗ ಹಿಡಿದು ಹಿಂದೆ.

ನಮ್ಮ ಹೊಸ್ತಿಲ ಮೇಲೆ ಕೂತು ನವಾಬನ ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ನಾಯಿ ಗುರ್ರೆನ್ನಲಿಲ್ಲ. ಮುಳ್ಳು ಬಂತು, ಅರ್ಧ ಬೆರಳುದ್ದ. ಅದನ್ನು ಬೆಳಕಿಗೆ ಹಿಡಿದು ನೋಡುತ್ತ ಗುಂಡಣ್ಣ ನವಾಬನಿಗೆ ಹೇಳಿದ, ಒಳಗೆ ಸುಮಂಗಲಾಗೂ ಕೇಳುವಷ್ಟು ದೊಡ್ಡ ದನಿಯಲ್ಲಿ:

"ನವಾಬ, ನಿನ್ನ ಮಾಲಕಗ ಹೇಳು. ನನಗ ಹಸಿವ್ಯಾಗ್ಯಾದ."

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪಲ್ಯ ಎರಡು ಸಲ ಹಾಕಿಸಿಕೊಂಡ. ನಾನು ಬಡಿಸುತ್ತೇನೆಂದು ಎದ್ದವನು ಅಡುಗೆಮನೆಯಲ್ಲಿ ಬಾಗಿಲ ಮರೆಗೆ ನಿಂತು ಅತ್ತೆ. ಸುಮಂಗಲಾ ನೋಡಿದಳು, ನನ್ನ ಕೈಯಿಂದ ಪಲ್ಯದ ಪಾತ್ರೆ ತೆಗೆದುಕೊಂಡಳು.

ಈಗ ನವಾಬನ ಕಾಲು ನೆಟ್ಟಗಾಗಿದೆ. ಭೀಮಾಬಾಯಿಯ ಪ್ರಕಾರ ಅದು ಅಜವಾನದ ಗುಣ, ನಾನು ಹೌದೆಂದಿದ್ದೇನೆ. ದಿನಾ ಬೆಳಿಗ್ಗೆ ತೋಟಕ್ಕೆ ಹೋಗುತ್ತೇವೆ. ಆದರೆ ನವಾಬನಿಗೆ ನಮ್ಮ ಮೇಲೆ ಬೇಸರವಾಗಿದೆ. ಮೊದಲೆಲ್ಲ ಇಬ್ಬರೂ ಅವನನ್ನೇ ಮಾತಾಡಿಸುತ್ತಿದ್ದೆವು. ಈಗ ಹೊರಸಿನ ಮೇಲೆ ಕೂತು ನಾವು ನಾವೇ ಆರು ವರ್ಷದ್ದನ್ನು ಹರಟುತ್ತೇವೆ, ರೊಟ್ಟಿ ಮುರಿಯುವುದು ಮರೆತುಹೋಗುತ್ತದೆ. ಹತ್ತು ನಿಮಿಷ ನೋಡಿ ಅವನು ಎದ್ದು ಹಗ್ಗ ಎಳೆಯತೊಡಗುತ್ತಾನೆ. ನಾನು ಏಳುವುದಿಲ್ಲ.

ಮೊನ್ನೆ ಹೀಗೇ ಎಳೆದಾಟ ನಡೆದಾಗ ಪರವೂರಿನವನೊಬ್ಬ ಮೋಟರ್ ಸೈಕಲ್ ನಿಲ್ಲಿಸಿ ಕೇಳಿದ: "ಏನಾಗ್ಯಾದ್ರೀ ನಾಯಿಗಿ? ದವಾಖಾನಿಗಿ ಹೊಂಟೀರೇನು?"

ನಾನು ಬಾಯಿ ತೆರೆಯುವ ಮೊದಲೇ ಗುಂಡಣ್ಣ ಹೇಳಿದ: "ಅದಕ್ಕೇನೂ ಆಗಿಲ್ರೀ. ಇಂವಾ ನಮ್ಮ ತಮ್ಮ. ಅದೇ ಇವನ್ನ ಅಡ್ಡಾಡಸಾಕ ಕರಕೊಂಡು ಬಂದದ."