ಕಾಯಿನೀರು ಕುಡಿದ ಸೈಕಲ್

ಪುಣೆಯ ಬಿಬವೇವಾಡಿಯಲ್ಲಿ ಕೋಳಿಗಿಂತ ಮೊದಲು ಸೈಕಲ್ ರಿಪೇರಿಯ ಗೂಳಪ್ಪನ ಸುತ್ತಿಗೆ ಕೂಗುತ್ತದೆ. ಜಂಗು ಹಿಡಿದು ತುಕ್ಕಿನಲ್ಲಿ ಕಚ್ಚಿಕೊಂಡದ್ದನ್ನು ಬಿಡಿಸುವುದರಲ್ಲಿ ಈತನಿಗೆ ಸರಿಸಾಟಿ ಮೂರು ಲೋಕದಲ್ಲಿಲ್ಲ. ಈತ ಕೆಮ್ಮಿದರೆ ಸಿಂಹಗಡದ ಬಾಗಿಲಿನ ಕೀಲೂ ಸಡಿಲಾಗುತ್ತದೆ. ಅಂಥವನನ್ನು ಇವತ್ತು ಒಂದು ಸೀಟಿನ ಕಂಬಿ ಅಳಿಸುತ್ತಿದೆ.

ಸೈಕಲ್ಲು ಮಾರ್ಕೆಟ್ ಯಾರ್ಡಿನ ಹಮಾಲ ಧರ್ಮಣ್ಣನದು. ಅದು ಹೊತ್ತ ಈರುಳ್ಳಿಯನ್ನೆಲ್ಲ ಒಂದೆಡೆ ಸುರಿದರೆ ಪರ್ವತಿ ಗುಡ್ಡ ಮುಚ್ಚಿಹೋಗುತ್ತದೆ. ಲಾರಿಯಿಂದ ಬಿದ್ದು ಸೊಂಟ ಹೋದಮೇಲೆ ಧರ್ಮಣ್ಣನ ಕಾಲು ನೆಲಕ್ಕೆ ಮುಟ್ಟಬೇಕೆಂದರೆ ಸೀಟು ಇಳಿಯಬೇಕು. ಇಳಿಯದಿದ್ದರೆ ಸೈಕಲ್ಲು ಗುಜರಿಗೆ.

"ಬಂಗಾರದಂಥಾದ್ದು. ಈ ಮರಾಠಿ ಊರಾಗ ಅದನ್ನs ಭಂಗಾರ, ಗುಜರಿ, ಅಂದು ತೂಕಕ್ಕ ಹಾಕ್ತಾರ," ಎನ್ನುತ್ತಾನೆ ಧರ್ಮಣ್ಣ.

ಆಳಂದದಿಂದ ಗಾರೆ ಕೆಲಸಕ್ಕೆ ಬಂದು ಫುಟ್‌ಪಾತಿನಲ್ಲೇ ಈ ವಿದ್ಯೆ ಕಲಿತವನು ಗೂಳಪ್ಪ. "ಸಿಟ್ಟಿಲೆ ಬಡದ್ರ ಪೈಪು ಸೀಳ್ತದ್ರಿ. ಚಿಮಣಿ ಎಣ್ಣಿ ಕುಡಸ್ಬೇಕು, ಬಿಸಿ ಮುಟ್ಟಿಸ್ಬೇಕು, ರಮಿಸ್ಬೇಕು." ಗಾಲಿ ಕಳಚಿದ ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟಿನ ಕಂಬಿಯನ್ನು ದಿಮ್ಮಿಗೆ ಜಡಿದ ವೈಸಿನ ಇಕ್ಕಳದಲ್ಲಿ ಬಿಗಿದು, ಇಡೀ ಚೌಕಟ್ಟನ್ನೇ ಹಿಡಿದು ಗಾಣದ ಎತ್ತಿನಂತೆ ಸುತ್ತುತ್ತಾನೆ.

"ಏ ಗೂಳ್ಯಾ, ಸಪ್ತಪದಿ ಮುಗೀತು, ತಾಳಿ ಕಟ್ಟೋ!" ಧರ್ಮಣ್ಣ ಛೇಡಿಸುತ್ತಾನೆ.

ಕಿರ್ರ್! ಸತಾರಾದವರೆಗೂ ಕೇಳಿಸುವ ಸದ್ದು. ಕಂಬಿ ಹೊರಬರುತ್ತದೆ, ಅದರ ಹಿಂದೆ ಕೆಂಪು ಪುಡಿ ಉದುರುತ್ತದೆ. ಕೊಳವೆಯೊಳಗೆ ಇಣುಕಿದ ಗೂಳಪ್ಪನ ಮುಖ ಇಳಿಯುತ್ತದೆ. ಕಬ್ಬಿಣ ಹಪ್ಪಳದಷ್ಟು ತೆಳ್ಳಗಾಗಿದೆ. "ಅಣ್ಣಾ, ಇದು ನಿನ್ನನ್ನ ಹೊರ್ತದ. ಚೀಲ ಹೊರಾಂಗಿಲ್ಲ."

"ನಾನೂ ಹೊರಾಂಗಿಲ್ಲಲ್ಲೋ," ಎಂದು ನಗಲು ಹೋಗುವ ಧರ್ಮಣ್ಣನಿಗೆ ನಗು ಪೂರಾ ಬರುವುದಿಲ್ಲ.

ಚಹಾ ತಂದ ಧರ್ಮಣ್ಣನ ಹೆಂಡತಿ ರುದ್ರವ್ವ ಆ ಪುಡಿ ನೋಡಿ ಗಲ್ಲಕ್ಕೆ ಕೈ ಹಚ್ಚುತ್ತಾಳೆ. "ಇಷ್ಟ್ ಜಂಗ್ ಹೆಂಗ ಹಿಡೀತೋ ಯಪ್ಪಾ? ವರ್ಷಾ ಖಂಡೇನವಮಿಗೆ ತಪ್ಪದs ಪೂಜಾ ಮಾಡೀನಿ. ಸೀಟಿನ ಮ್ಯಾಲೇ ಕಾಯಿ ಒಡದು, ನೀರೆಲ್ಲಾ ಅದಕ್ಕs ಎರದೀನಿ, ಕಂಬಿಗುಂಟ ಒಳಗ ಇಳಿಯೂತನ."

ಗ್ರೀಸ್ ಡಬ್ಬಿ ತೆರೆಯುತ್ತಿದ್ದ ಗೂಳಪ್ಪನ ಕೈ ನಿಲ್ಲುತ್ತದೆ. ಪುಣೆಯ ಟ್ರಾಫಿಕ್ಕೂ ನಿಂತಂತಾಗುತ್ತದೆ. ಗೂಳಪ್ಪ ಧರ್ಮಣ್ಣನ ಮುಖ ನೋಡುತ್ತಾನೆ. ಧರ್ಮಣ್ಣ ಚಹಾದ ಕಪ್ಪು ನೋಡುತ್ತಾನೆ.

"ಮಳಿ ನೀರ್ರಿ ಅಕ್ಕಾ," ಎನ್ನುತ್ತಾನೆ ಗೂಳಪ್ಪ. ಕಂಬಿಗೆ ಗ್ರೀಸ್ ಸವರಿ, ಸೀಟನ್ನು ಕೆಳಗಿಳಿಸಿ ಬಿಗಿಯುತ್ತಾನೆ. ಆಮೇಲೆ, ತಲೆ ಎತ್ತದೆ: "ಒಂದs ಆಸೆ ನಂದು. ಈ ಸಲ ಕಾಯಿ ಗಾಲಿ ಮುಂದ ಒಡೀರಿ. ಸೀಟಿಗೆ ಒಂದು ಹೂ ಸಾಕು."

ರುದ್ರವ್ವ ಕಾಯಿನೀರು ಎರೆದ ತನ್ನ ಬಲಗೈಯನ್ನೇ ನೋಡುತ್ತ ನಿಲ್ಲುತ್ತಾಳೆ. ಆಮೇಲೆ ಸೆರಗಿನಿಂದ ಸೀಟು ಒರೆಸುತ್ತಾಳೆ, ಅದು ಒದ್ದೆಯಾಗಿಲ್ಲದಿದ್ದರೂ.