ಅತ್ತೆ ಹೇಳಿದ ಸಾಕ್ಷಿ

ಅತ್ತೆಯ ಬಾಯಲ್ಲಿ ಒಂದು ಕಥೆ ಎಷ್ಟು ಸಲ ಬಂದಿತ್ತೆಂದರೆ, ಯಾವ ವಾಕ್ಯಕ್ಕೆ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ ಎನ್ನುವುದೂ ನನಗೆ ಗೊತ್ತಿತ್ತು. ಐವತ್ತರ ದಶಕದ ಮಾತು. ಕೀನ್ಯಾದಲ್ಲಿ, ಕಾಡು ಸೇರಿದ ಕಿಕುಯು ಸಮುದಾಯದ ಹೋರಾಟಗಾರರಿಗೂ ಆಳುತ್ತಿದ್ದ ಬ್ರಿಟಿಷರಿಗೂ ಯುದ್ಧ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಸೈನ್ಯ ಇಡೀ ನೈರೋಬಿಯನ್ನು ಸುತ್ತುವರಿದು ಆ ಸಮುದಾಯದ ಗಂಡಸರನ್ನು ಲಾರಿಗಳಲ್ಲಿ ತುಂಬಿಕೊಂಡು ಹೋಯಿತು. ಅವರಲ್ಲಿ ಅತ್ತೆಯ ಮನೆಯ ಅಡುಗೆಯವನೂ ಇದ್ದ. ಆಗಷ್ಟೇ ಉಡುಪಿಯಿಂದ ಮದುವೆಯಾಗಿ ಬಂದಿದ್ದ ಅತ್ತೆ, ಮಾವನ ಜೊತೆ ಊರಾಚೆಯ ಬಯಲಿಗೆ ಹೋಗಿ, ಮುಳ್ಳುತಂತಿಯ ಬೇಲಿಯುದ್ದಕ್ಕೂ ಹುಡುಕಿದರು. ಅವನು ಕಾಣಿಸಲಿಲ್ಲ. ಅಳುತ್ತಾ ವಾಪಸು ಬಂದರು.

ಆ ಬಂಧನದ ನಂತರ ಕಾಡಿನವರಿಗೆ ಊರಿನಿಂದ ಹೋಗುತ್ತಿದ್ದ ಆಹಾರ, ಔಷಧಿ, ಸುದ್ದಿ ಎಲ್ಲ ನಿಂತು ಯುದ್ಧದ ದಿಕ್ಕೇ ಬದಲಾಯಿತು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಮನೆಯ ಚರಿತ್ರೆಯಲ್ಲಿ ಅದು ಅತ್ತೆ ಮೊದಲ ಬಾರಿಗೆ ತಾವೇ ಚಪಾತಿ ಲಟ್ಟಿಸಿದ ದಿನ.

ಅದಾಗಿ ಸುಮಾರು ಐವತ್ತು ವರ್ಷಗಳ ಮೇಲೆ, ಹೊಸ ಸರ್ಕಾರ ಬಂದು, ಆ ಹೋರಾಟದ ಮೇಲೆ ಬ್ರಿಟಿಷರ ಕಾಲದಿಂದಲೂ ಉಳಿದುಕೊಂಡಿದ್ದ ನಿಷೇಧವನ್ನು ತೆಗೆದುಹಾಕಿದ ಮರುವರ್ಷ, ಒಂದು ಭಾನುವಾರ ಮಧ್ಯಾಹ್ನ ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಮನೆಗೆ ಇಬ್ಬರು ಬಂದರು. ಒಬ್ಬರು ಹಳೆಯ ಕೋಟು ತೊಟ್ಟು, ಟೋಪಿ ಕೈಯಲ್ಲಿ ಹಿಡಿದಿದ್ದ ಮುದುಕರು. ಜೊತೆಯಲ್ಲಿ ಅವರ ಮಗ, ಶಾಲಾ ಮೇಷ್ಟ್ರು. ಮುದುಕರು ಸೋಫಾದಲ್ಲಿದ್ದ ಅತ್ತೆಯನ್ನು ಒಂದು ಕ್ಷಣ ನೋಡಿ, ಅಚ್ಚ ಕರಾವಳಿ ಕನ್ನಡದಲ್ಲಿ ಕೇಳಿದರು:

"ಅಮ್ಮಾ, ಚಾ ಆಯ್ತಾ?"

ಅತ್ತೆ ದಡಬಡಿಸಿ ಎದ್ದರು. "ಅಯ್ಯೋ ದೇವ್ರೇ, ನೀನು ಬದುಕಿದ್ದೀಯಾ ಮಾರಾಯಾ!" ಎಂದು ಅವರ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರೂ ಅಡುಗೆಮನೆಯ ಹರಕುಮುರುಕು ಸ್ವಾಹಿಲಿಯಲ್ಲಿ ಮಾತಿಗೆ ಕುಳಿತರು. ನಾನು ಚಹಾ ತಂದಿಟ್ಟೆ. ಬಂದ ಕೆಲಸವನ್ನು ಮಗ ಹೇಳಿದ.

ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗಿಸುತ್ತಾ ಅವನ ಅಪ್ಪನನ್ನು ವರ್ಷಗಟ್ಟಲೆ ಕೂಡಿಹಾಕಿದ್ದರಂತೆ. ಈಗ ಹಾಗೆ ಬಂಧನದಲ್ಲಿದ್ದವರ ಪಟ್ಟಿಯೊಂದು ತಯಾರಾಗುತ್ತಿತ್ತು. ಅದರಲ್ಲಿ ಹೆಸರು ಸೇರಿಸಲು ಇವರ ಹತ್ತಿರ ಒಂದು ತುಂಡು ಕಾಗದವೂ ಇಲ್ಲ. ಜೊತೆಗಿದ್ದವರೆಲ್ಲ ತೀರಿಹೋಗಿದ್ದಾರೆ. ಉಳಿದಿರುವುದು ಒಂದೇ ದಾರಿ: ಆ ದಿನ ಬೇಲಿಯೊಳಗೆ ಅವರನ್ನು ಕಣ್ಣಾರೆ ಕಂಡವರು ಯಾರಾದರೂ ವಕೀಲರ ಮುಂದೆ ಪ್ರಮಾಣ ಮಾಡಿ ಹೇಳಬೇಕು.

ಅತ್ತೆಯ ಮುಖ ಕಪ್ಪಿಟ್ಟಿತು. "ನಾವು ಹುಡುಕಿದೆವು, ಕಾಣಲಿಲ್ಲ" ಎಂದರು. ಮುದುಕರು ತಲೆಯಾಡಿಸಿ ಚಹಾ ಕುಡಿದರು. ಹಾಗಾದರೆ ಪ್ರಯೋಜನವಿಲ್ಲ, ನಿಮ್ಮಲ್ಲಿ ಕೆಲಸಕ್ಕಿದ್ದರು ಎಂದಷ್ಟೇ ಹೇಳಿದರೆ ಸಾಲದು ಎಂದ ಮಗ. ಅವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಿರಿ ಎಂದೂ ಕೇಳಿದ. ಅತ್ತೆ ನಮ್ಮೂರ ಕಡೆಯ ಒಂದು ಹೆಸರು ಹೇಳಿದರು. ಮಗ ಅಪ್ಪನ ಕಡೆ ತಿರುಗಿ ನೋಡಿದ. ಅಪ್ಪ ಕಪ್ಪಿನೊಳಗೆ ನೋಡುತ್ತಿದ್ದರು. ಬುಧವಾರ ಅಪ್ಪರ್ ಹಿಲ್‌ನ ವಕೀಲರ ಆಫೀಸಿನಲ್ಲಿರುತ್ತೇವೆ, ಏನಾದರೂ ನೆನಪಾದರೆ ಬನ್ನಿ ಎಂದು ಹೇಳಿ ಹೊರಟರು.

ಅದು ಯಾರ ಹೆಸರು ಎಂದು ಆಮೇಲೆ ಕೇಳಿದೆ. ಅತ್ತೆಯ ತವರಿನಲ್ಲಿ ಕೆಲಸಕ್ಕಿದ್ದ ಒಬ್ಬ ಮುದುಕನದಂತೆ. ನಾಲಿಗೆಗೆ ಅಭ್ಯಾಸವಾಗಿತ್ತು, ಇಲ್ಲಿ ಅಡುಗೆಗೆ ಬಂದವರಿಗೆಲ್ಲ ಅದನ್ನೇ ಇಟ್ಟುಬಿಟ್ಟರಂತೆ.

ನಾನು ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡವಳು. ಆ ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ. ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದೆ. ಗೇಟಿನವರೆಗೆ ಹೋಗಿ ಯಾಕೆ ಬಂದೆನೆಂದು ಗೊತ್ತಾಗದೆ ಹಿಂತಿರುಗಿದೆ. ಮಂಗಳವಾರ ಬಟ್ಟೆ ಒಗೆಯಲು ಬಂದವಳನ್ನು ಇದ್ದಕ್ಕಿದ್ದಂತೆ, ನಿನ್ನ ಪೂರ್ತಿ ಹೆಸರೇನು ಎಂದು ಕೇಳಿದೆ. ಆರು ವರ್ಷದಿಂದ ಬರುತ್ತಿದ್ದವಳು. ಅವಳು ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟು, ಏನು ಕಳೆದುಹೋಗಿದೆ, ಪೊಲೀಸರಿಗೆ ಹೇಳುತ್ತೀರಾ ಎಂದಳು. ಸಮಾಧಾನ ಮಾಡುವಷ್ಟರಲ್ಲಿ ಸಾಕುಬೇಕಾಯಿತು. ಹೆಸರು ಮಾತ್ರ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಅತ್ತೆ ಬೀನ್ಸ್ ಹೆಚ್ಚುತ್ತಾ ಕೂತಿದ್ದರು. ತಲೆ ಎತ್ತದೆ, "ಕಂಡಿದ್ದೆ" ಎಂದರು.

"ಏನನ್ನ?"

"ಅವನನ್ನೇ. ಇಲ್ಲಿಂದ ಆ ಫ್ರಿಜ್ ಉಂಟಲ್ಲ, ಅಷ್ಟೇ ದೂರ. ನನ್ನನ್ನು ನೋಡಿ ಎದ್ದು ನಿಂತ. ಎದ್ದವರಿಗೆ ಹೊಡೀತಿದ್ರು, ಆದ್ರೂ ನಿಂತ." ಕತ್ತಿ ಆಡುತ್ತಲೇ ಇತ್ತು. "ಹಿಡಿದವರ ಗುರುತಿನ ಕಾಗದ ಎಲ್ಲ ಒಂದು ಕಡೆ ರಾಶಿ ಹಾಕಿದ್ರು. ಹೆಸರು ಹೇಳಿ, ಹುಡುಕಿಸ್ತೇನೆ ಅಂದ ಆಫೀಸರ್. ನಾವು ಹೇಳಿದ ಹೆಸರು ಕೇಳಿ ನಗಾಡಿದ. ಹೆಸರೇ ಗೊತ್ತಿಲ್ಲದವನಿಗೆ ಜಾಮೀನು ನಿಲ್ತೀರಾ, ಅವನು ಕಾಡಿನವರ ಕಡೆ ಸೇರ್ತೇನೆ ಅಂತ ಆಣೆ ಹಾಕಿದವ ಆದ್ರೆ ನಿಮ್ಮ ಕೆಲಸ ಹೋಗ್ತದೆ ಅಂದ. ನಿನ್ನ ಮಾವ ರೈಲ್ವೆ ಗುಮಾಸ್ತ ಅಲ್ವಾ? ಬೇಡ ಅಂತ ನಂಗೆ ಕಣ್ಣು ಮಾಡಿದ್ರು. ಇವ್ರಲ್ಲಿ ನಿಮ್ಮವ ಯಾರು ಅಂತ ಆಫೀಸರ್ ಮತ್ತೆ ಕೇಳಿದ. ಯಾರೂ ಇಲ್ಲ ಅಂತ ಹೇಳಿದ್ದು ಮಾವ ಅಲ್ಲ. ನಾನು."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಅವರ ಜೊತೆ ನಾನೂ ಮರುಗಿದ್ದೆನಲ್ಲ, ಅದಕ್ಕೆ ಹೆಚ್ಚು ಸಿಟ್ಟು.

"ಇದನ್ನೇ ಅಲ್ಲಿ ಹೇಳಿ ಅತ್ತೆ. ನೀವು ಕಂಡಿದ್ದು ಹೇಳದಿದ್ರೆ ಅವರ ಕೆಲಸ ಆಗಲ್ಲ."

"ಅವನ ಮಗನ ಎದುರಾ? ಸತ್ರೂ ಇಲ್ಲ."

ಹಾಗೆಂದವರು ಅರ್ಧ ಗಂಟೆಯ ನಂತರ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ದಾರಿಯುದ್ದಕ್ಕೂ ಟ್ರಾಫಿಕ್. ಜನ ತುಂಬಿದ ಒಂದು ಮಟಾಟು ವ್ಯಾನು ನಮ್ಮ ಕಾರಿನ ಮೂತಿಗೆ ಅಡ್ಡ ಬಂದು ನಿಂತಾಗ ಅತ್ತೆ, "ತಿರುಗಿಸು, ಮನೆಗೆ ಹೋಗುವ" ಎಂದರು. ರೌಂಡ್‌ಅಬೌಟ್‌ನಲ್ಲಿ ಇನ್ನೊಮ್ಮೆ ಅದನ್ನೇ ಹೇಳಿದರು. ನಾನು ಹಾರ್ನ್ ಒತ್ತಿಹಿಡಿದು ಮುಂದೆ ಹೋದೆ. ಅವರ ಮೇಲೆ ಕನಿಕರ ತೋರಿಸುವ ಮನಸ್ಸು ಆಗ ನನಗಿರಲಿಲ್ಲ.

ವಕೀಲೆ ಚಿಕ್ಕ ವಯಸ್ಸಿನವಳು. ಆ ದಿನ ಬೇಲಿಯೊಳಗೆ ಇವರನ್ನು ನೀವು ಕಂಡಿರಾ ಎಂದು ಮೃದುವಾಗಿ ಕೇಳಿದಳು. ಕಂಡೆ, ಎಂದರು ಅತ್ತೆ. ಮಗನ ಮುಖ ಅರಳಿತು. ಅವನು ಅತ್ತೆಯತ್ತ ಬಾಗಿ ಕೈ ಜೋಡಿಸುವುದರಲ್ಲಿದ್ದ. ಇವರೇ ಎಂದು ಹೇಗೆ ಖಚಿತವಾಗಿ ಹೇಳುತ್ತೀರಿ ಎಂದಳು ವಕೀಲೆ. ಆಗ ಅತ್ತೆ ಎಲ್ಲವನ್ನೂ ಹೇಳಿದರು: ಅವರು ಎದ್ದು ನಿಂತದ್ದು, ಹೆಸರಿನ ವಿಷಯ, ಆಫೀಸರನ ಪ್ರಶ್ನೆ, ತಮ್ಮ ಉತ್ತರ. ಮಗನ ಕೈ ಅಲ್ಲಿಯೇ ನಿಂತುಬಿಟ್ಟಿತು. ವಕೀಲೆ ಬರೆದುಕೊಂಡು ಓದಿ ಹೇಳಿದಳು. ಅತ್ತೆ ರುಜು ಹಾಕಿದರು. ಸಾಕ್ಷಿ ಗಟ್ಟಿಯಾಗಿದೆ, ಇದರಿಂದ ಕೆಲಸವಾಗುತ್ತದೆ ಎಂದಳು.

ಹೊರಗೆ ಲಿಫ್ಟಿನ ಹತ್ತಿರ ಮುದುಕರು "ಅಸಾಂಟೆ, ಅಮ್ಮ" ಎಂದು ಧನ್ಯವಾದ ಹೇಳಿದರು. ಅತ್ತೆ ಅಳತೊಡಗಿದರು. ಈ ಸಲ ಸೆರಗು ಹುಡುಕಲಿಲ್ಲ, ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು. "ನಾನು ಕಂಡದ್ದು ನಿನಗೆ ಗೊತ್ತಿತ್ತಾ?" ಎಂದು ಸ್ವಾಹಿಲಿಯಲ್ಲಿ ಕೇಳಿದರು.

"ಗೊತ್ತಿತ್ತು" ಎಂದರು ಅವರು. "ಮಕ್ಕಳಿಗೆ ಬೇರೆ ಹೇಳಿದ್ದೆ. ಅಮ್ಮನ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ನಾನು ಕಾಣಿಸಲಿಲ್ಲ, ಕಂಡಿದ್ದರೆ ಖಂಡಿತ ಕರೆದುಕೊಂಡು ಹೋಗುತ್ತಿದ್ದರು ಅಂತ. ಆ ಮನೆಯಲ್ಲಿ ನನ್ನನ್ನು ಮಗನ ಹಾಗೆ ನೋಡಿಕೊಂಡಿದ್ದರು ಅಂತ."

ಅವರ ಮಗ ಲಿಫ್ಟಿಗೆ ಕಾಯದೆ, ನಮ್ಮ ಕಡೆ ತಿರುಗಿಯೂ ನೋಡದೆ, ಆಗಲೇ ಮೆಟ್ಟಿಲಿಳಿದು ಹೋಗಿದ್ದ. ಮುದುಕರು ಟೋಪಿ ಹಾಕಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಾಗಿ ಅವನ ಹಿಂದೆ ಇಳಿಯತೊಡಗಿದರು. ಅವನು ಎಲ್ಲಿಯೂ ನಿಂತ ಸದ್ದು ಕೇಳಿಸಲಿಲ್ಲ.